ಮಗನ ಎಲ್ಫ್ ಸೈನ್ಯದ ಎದುರು ನನ್ನ ಈಟಿ ಸಾಲು ನಿಲ್ಲುತ್ತಿಲ್ಲ. ಆ ಎರಡು ಇಂಚಿಗೆ ಏನು ಮಾಡಲಿ?

ನೀರ್ಚಾಲು ಟೀಚರ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುವುದೇ ಜಾಸ್ತಿ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದವಾಗಿದೆ, ಪೂರ್ತಿ ಓದಿ ಹೇಳಿ.

ಕಾಸರಗೋಡು ಜಿಲ್ಲೆಯ ನೀರ್ಚಾಲಿನಲ್ಲಿ ನಮ್ಮ ಮನೆ. ಕನ್ನಡ ಮಾಧ್ಯಮ ಶಾಲೆಯಲ್ಲಿ 26 ವರ್ಷ ಗಣಿತ ಕಲಿಸಿ ಹೋದ ವರ್ಷ ನಿವೃತ್ತಿಯಾಯಿತು. ಮಗ ಓದು ಮುಗಿಸಿ ಮನೆಯಲ್ಲಿದ್ದಾನೆ, ಆಗಸ್ಟ್ ಒಂದಕ್ಕೆ ಪುಣೆಯಲ್ಲಿ ಕೆಲಸಕ್ಕೆ ಸೇರಬೇಕು. ನಾವಿಬ್ಬರೂ ಮೇಜಿನ ಮೇಲೆ ಗೊಂಬೆ ಸೈನ್ಯಗಳ ಯುದ್ಧದ ಆಟ ಆಡುತ್ತೇವೆ. ಅವನು ಹೋಗುವುದರೊಳಗೆ ಅವನ ಎಲ್ಫ್ (ಕತೆಗಳಲ್ಲಿ ಬರುವ ಚೂಪು ಕಿವಿಯ ಜನ) ಸೈನ್ಯವನ್ನು ಒಂದು ಸಲ ಸೋಲಿಸಬೇಕು ಅಂತ ನನ್ನ ಆಸೆ. ಅಮ್ಮನಿಗೆ ಖುಷಿಯಾಗಲಿ ಅಂತ ಅವನು ಬಿಟ್ಟುಕೊಡುವುದು ಬೇಡ. ನಾಲ್ಕನೇ ಆಟದಲ್ಲಿ ಹಾಗೆ ಮಾಡಲಿಕ್ಕೆ ಹೊರಟಿದ್ದ. ನಾನು ಟೇಪು ಸುತ್ತಿಟ್ಟು ಒಳಗೆ ಹೋದೆ. ಆಮೇಲೆ ಹಾಗೆ ಮಾಡಲಿಲ್ಲ.

ನಾವು ಆಡುವುದು ಕಿಂಗ್ಸ್ ಆಫ್ ವಾರ್. ಗೊತ್ತಿಲ್ಲದವರಿಗೆ ಎರಡು ಮಾತು. ಇದು 2010ರಲ್ಲಿ ಇಂಗ್ಲೆಂಡಿನ ಮ್ಯಾಂಟಿಕ್ ಕಂಪನಿ ತಂದ ಆಟ. ಮೇಜಿನ ಮೇಲೆ ಪುಟ್ಟ ಪುಟ್ಟ ಗೊಂಬೆಗಳ ಸೈನ್ಯ ಇಟ್ಟು, ಟೇಪಿನಲ್ಲಿ ಅಳೆದು ನಡೆಸಿ, ದಾಳ ಹಾಕಿ ಹೊಡೆದಾಡುವುದು. ಇದರಲ್ಲಿ ಗೊಂಬೆಗಳನ್ನು ಒಂದೊಂದಾಗಿ ತೆಗೆಯುವುದಿಲ್ಲ. ಇಡೀ ದಳ ಒಂದೇ ತುಂಡು. ಪೆಟ್ಟು ಬಿದ್ದ ಹಾಗೆ ಲೆಕ್ಕ ಬರೆದುಕೊಳ್ಳುತ್ತಾ ಹೋಗುವುದು. ಹೊಡೆತ ಮುಗಿದ ಮೇಲೆ ಹೊಡೆದವರು ಎರಡು ದಾಳ ಹಾಕಿ, ಬಂದ ಮೊತ್ತಕ್ಕೆ ಪೆಟ್ಟನ್ನು ಕೂಡಿಸಬೇಕು. ಅದು ಆ ದಳದ ಧೈರ್ಯದ ಅಂಕವನ್ನು ಮುಟ್ಟಿದರೆ ದಳ ಓಡಿ ಹೋಯಿತು ಅಂತ ಲೆಕ್ಕ. ಧೈರ್ಯಕ್ಕೆ ಎರಡು ಅಂಕ ಇರುತ್ತದೆ. ನಮ್ಮ ಪಟ್ಟಿಯಲ್ಲಿ ನನ್ನ ಈಟಿಯವರದ್ದು 13/15. ಮೊತ್ತ 13 ಆದರೆ ತತ್ತರಿಸುತ್ತಾರೆ, 15 ಆದರೆ ಓಡುತ್ತಾರೆ. ನನಗೆ ಈ ಆಟ ಹಿಡಿಸಿದ್ದೇ ಈ ಲೆಕ್ಕಕ್ಕೆ. ಸೈನ್ಯ ಸೋಲುವುದು ಸತ್ತವರ ಸಂಖ್ಯೆಯಿಂದಲ್ಲ, ಉಳಿದವರ ಧೈರ್ಯ ಹೋದಾಗ. ತರಗತಿಯಲ್ಲೂ ನಾನು ಇದನ್ನೇ ನೋಡಿದ್ದೇನೆ. ಲೆಕ್ಕ ತಪ್ಪಿದ ಮಕ್ಕಳಿಗಿಂತ ಹೆದರಿ ಪೆನ್ನು ಕೆಳಗಿಟ್ಟ ಮಕ್ಕಳೇ ಜಾಸ್ತಿ ನಪಾಸಾಗುತ್ತಿದ್ದರು.

ಅವನದ್ದು ಎಲ್ಫ್, ನನ್ನದು ಮನುಷ್ಯರು. ಅವನ ಗೊಂಬೆಗಳು ಪ್ಲಾಸ್ಟಿಕ್ಕಿನವು, 28 ಮಿಲಿಮೀಟರ್ ಅಳತೆ. ಹಾಸ್ಟೆಲಿನಲ್ಲಿ ದುಡ್ಡು ಉಳಿಸಿ ತೆಗೆದುಕೊಂಡದ್ದು, ತಿಳಿನೀಲಿ ಮತ್ತು ಬಿಳಿ ಬಣ್ಣ. ನನ್ನವನ್ನು ನಾನೇ ಮಾಡಿದೆ. ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ಚಿತ್ರ ಬರೆದು, ಎರಡೂ ಬದಿಗೆ ಬಣ್ಣ ಹಚ್ಚಿ, ಕತ್ತರಿಸಿ ನಿಲ್ಲಿಸಿದ್ದು. ಈಟಿಗಳು ಹಿಡಿಸೂಡಿಯ ಕಡ್ಡಿ. ಬುಡಕ್ಕೆ ಫೆವಿಕಾಲ್ ಹಚ್ಚಿ ಮುರಕಲ್ಲಿನ ಹುಡಿ ಉದುರಿಸಿದ್ದೇನೆ, ನಮ್ಮ ಗುಡ್ಡದ ಬಣ್ಣವೇ ಬಂದಿದೆ. ದಳದ ಅಡಿ ರಟ್ಟು 100 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಆಳ ಸರಿಯಾಗಿದ್ದರೆ ನಿಯಮಕ್ಕೆ ಸಾಕು. ಮೇಲೆ ನಿಂತವರು ಪ್ಲಾಸ್ಟಿಕ್ಕೋ ರಟ್ಟೋ, ನಮ್ಮ ಮನೆಯ ಆಟಕ್ಕೆ ತೊಂದರೆ ಇಲ್ಲ.

ಕುಂಬಳೆ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ನೆರೆಯವಳು. ಯುದ್ಧ ಅಂದರೆ ನನಗೆ ಮೊದಲು ನೆನಪಾಗುವುದು ಯಕ್ಷಗಾನದ ಬಯಲು, ಬೆಳಗಿನ ಜಾವದ ಚೆಂಡೆ. ಹಾಗಾಗಿ ಈಟಿಯವರಿಗೆ ಕೆಂಪು ಹಸಿರು ಅಂಗಿ, ಮುಂಡಾಸು. ಇನ್ನೊಂದು ದಳ ಇದೆ, ಊರವರ ದಳ ಅಂತ ಕರೆಯುತ್ತೇನೆ. ಸೈನಿಕರಲ್ಲ, ಕತ್ತಿ ಕೊಡಲಿ ಹಿಡಿದು ಬಂದವರು. ಅವರ ತಲೆಗೆ ಮುಟ್ಟಾಳೆ ಇಟ್ಟಿದ್ದೇನೆ. ನಿಜವಾದ ಅಡಿಕೆ ಹಾಳೆಯ ಒಳಪದರ ತೆಗೆದು, ಉಗುರಿನ ಕಾಲು ಭಾಗದಷ್ಟು ಕತ್ತರಿಸಿ, ನೀರಿನಲ್ಲಿ ನೆನೆಸಿ, ಪೆನ್ಸಿಲ್ ತುದಿಯ ಮೇಲೆ ಒತ್ತಿ ಒಣಗಿಸಿದ್ದು. ಹದಿನೈದು ಜನಕ್ಕೆ ಹದಿನೈದು ಮುಟ್ಟಾಳೆ, ನಾಲ್ಕು ಸಂಜೆಯ ಕೆಲಸ.

ಈಗ ನನ್ನ ಕಷ್ಟ. ಎಲ್ಫ್ ಕಾಲಾಳಿನ ನಡಿಗೆ 6 ಇಂಚು, ಮನುಷ್ಯರದ್ದು 5. ಮೇಲೆ ನುಗ್ಗುವಾಗ ನಡಿಗೆಯ ಎರಡರಷ್ಟು ದೂರ ಹೋಗಬಹುದು. ಅಂದರೆ ಅವನು 12 ಇಂಚಿನಿಂದ ನುಗ್ಗುತ್ತಾನೆ, ನನಗೆ 10 ಮಾತ್ರ. ಮೇಜಿನ ಮೇಲೆ ಅಳೆಯುವುದಕ್ಕೆ ಯಾವಾಗ ಬೇಕಾದರೂ ಅವಕಾಶ ಇದೆ. ಅವನು ಸುಮ್ನೆ 11 ಇಂಚಿನಲ್ಲಿ ಬಂದು ನಿಲ್ಲುತ್ತಾನೆ. ನಾನು ಮುಂದೆ ಹೋದರೂ ಪೆಟ್ಟು, ನಿಂತರೂ ಪೆಟ್ಟು. ಈ ಆಟದಲ್ಲಿ ನುಗ್ಗಿದವರು ಮಾತ್ರ ಆ ಸರದಿಯಲ್ಲಿ ಹೊಡೆಯುತ್ತಾರೆ, ತಿನ್ನುವವರು ತಮ್ಮ ಸರದಿಗೆ ಕಾಯಬೇಕು. ಐದು ಆಟ ಆಡಿದೆವು, ಐದರಲ್ಲೂ ಸೋತೆ. ಐದರಲ್ಲೂ ಮೊದಲು ನುಗ್ಗಿದ್ದು ಅವನೇ.

ಮಗ ಫಿರಂಗಿ ತೆಗೆದುಕೋ ಅನ್ನುತ್ತಾನೆ. ಮನುಷ್ಯರ ಪಟ್ಟಿಯಲ್ಲಿ ಅದು ಇದೆ. ಆದರೆ ನನಗೆ ಈ ಈಟಿ ಸಾಲು ನಿಲ್ಲಬೇಕು. ಇವರಿಗೆ ಬಣ್ಣ ಹಚ್ಚಿದ್ದು ಹಿಂದೆ ನಿಂತು ಫಿರಂಗಿ ಕಾಯಲಿಕ್ಕೆ ಅಲ್ಲ. ಎರಡು ಇಂಚು ಕಡಿಮೆ ಇರುವವರು ಗೆಲ್ಲಲಿಕ್ಕೆ ದಾರಿ ಇದೆಯಾ?

ಅಕ್ಕಲಕೋಟೆ ಫಿರಂಗಿ

ಅಕ್ಕಾ, ಮುಟ್ಟಾಳೆ ಮಾಡಿದ್ದು ಓದಿ ಭಾಳ ಖುಷಿಯಾಯಿತು. ಒಂದು ಫೋಟೋ ಹಾಕಿರಿ.

ನನ್ನ ಹೆಸರೇ ಹೇಳುತ್ತದೆ, ನಾನು ಫಿರಂಗಿಯ ಪಕ್ಷ. ಸೊಲ್ಲಾಪುರದಲ್ಲಿ ಓದುವಾಗ ಹಳೆಯ ವಾರ್‌ಹ್ಯಾಮರ್ ಕಲಿತವನು. ಅದು 1983ರಲ್ಲಿ ಶುರುವಾದ ಆಟ, ಮನುಷ್ಯ ಮತ್ತು ಎಲ್ಫ್ ಜಗಳ ಅಲ್ಲಿಯೂ ಇದೆ. ಅಲ್ಲಿ ಮೊದಲೆಲ್ಲ ಅಳೆದು ನೋಡಿ ಫಿರಂಗಿ ಹೊಡೆಯುವ ಹಾಗಿರಲಿಲ್ಲ. ಗುಂಡು ಎಷ್ಟು ಇಂಚು ಹೋಗಬೇಕು ಅಂತ ಕಣ್ಣಳತೆಯಲ್ಲಿ ಬಾಯಿಬಿಟ್ಟು ಹೇಳಬೇಕಿತ್ತು, ಆಮೇಲೆ ಟೇಪು. 2010ರ ಆವೃತ್ತಿಯಲ್ಲಿ ಅದನ್ನು ತೆಗೆದರು. ಆ ಕಣ್ಣಳತೆಯ ಕಾಲದಲ್ಲಿ ನಾನು ಮನೆಯ ಓಣಿಯಲ್ಲಿ ನಡೆಯುವಾಗಲೂ ಕಂಬದಿಂದ ಕಂಬಕ್ಕೆ ಎಷ್ಟು ಅಂತ ಅಂದಾಜು ಮಾಡುತ್ತಿದ್ದೆ.

ಫಿರಂಗಿ ಈ ಆಟಕ್ಕೆ ಹೊರಗಿನದು ಅಂತ ತಿಳಿಯಬೇಡಿರಿ. 1913ರಲ್ಲಿ ಎಚ್. ಜಿ. ವೆಲ್ಸ್ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಬರೆದು ಅಚ್ಚು ಹಾಕಿಸಿದಾಗ ಅದರ ಜೀವವೇ ಸ್ಪ್ರಿಂಗಿನ ಪುಟ್ಟ ಫಿರಂಗಿ. ನಿಜವಾಗಿ ಕಟ್ಟಿಗೆಯ ಗುಂಡು ಹಾರಿಸಿ ಸೈನಿಕರನ್ನು ಬೀಳಿಸುತ್ತಿದ್ದರು.

ನಿಮ್ಮ ಆಟಕ್ಕೆ ಬರುತ್ತೇನೆ. ಒಂದೇ ಒಂದು ಫಿರಂಗಿ ಇದ್ದರೂ ಎಲ್ಫ್ 11 ಇಂಚಿನಲ್ಲಿ ಆರಾಮಾಗಿ ನಿಲ್ಲುವುದಿಲ್ಲ. ನಿಂತಷ್ಟು ಹೊತ್ತು ತಿನ್ನಬೇಕು. ಆಗ ಅವನೇ ಅವಸರ ಮಾಡಿ ಬರುತ್ತಾನೆ. ಈಟಿಯವರಿಗೆ ಅವಮಾನ ಆಗುವ ಮಾತಲ್ಲ ಅಕ್ಕಾ, ಅವರ ಎದುರಿಗೆ ಗಿರಾಕಿ ತಂದು ಕೊಡುವ ಕೆಲಸ ಅದು.

ಹೊಸೂರಿನವ

ಟೀಚರ್, ಫಿರಂಗಿ ಮಾತು ಆಮೇಲೆ ನೋಡೋಣ. ಮೊದಲು ಎರಡು ಪ್ರಶ್ನೆ.

ನಿಮ್ಮ ದಳಗಳು ಓಡಿದ್ದು ಎದುರಿನಿಂದ ಪೆಟ್ಟು ತಿಂದಾ, ಪಕ್ಕೆಯಿಂದಾ, ಬೆನ್ನಿನಿಂದಾ? ಎರಡನೆಯದು, ಒಂದು ದಳಕ್ಕೂ ಪಕ್ಕದ ದಳಕ್ಕೂ ನಡುವೆ ಎಷ್ಟು ಜಾಗ ಬಿಡುತ್ತೀರಿ? ಗಣಿತದ ಟೀಚರ್ ಆದ ಮೇಲೆ ಎಲ್ಲಾದರೂ ಬರೆದಿಟ್ಟಿರುತ್ತೀರಿ ಅಂತ ಕೇಳುತ್ತಿದ್ದೇನೆ.

ನೀರ್ಚಾಲು ಟೀಚರ್

ಬರೆದಿಟ್ಟಿದ್ದೇನೆ. ಈಗ ಪುಸ್ತಕ ತೆಗೆದು ನೋಡಿದೆ.

ಐದು ಆಟದಲ್ಲಿ ನನ್ನ ಈಟಿ ದಳಗಳು ಒಟ್ಟು 11 ಸಲ ಓಡಿವೆ. ಅದರಲ್ಲಿ ಎದುರಿನ ಪೆಟ್ಟಿಗೆ ಓಡಿದ್ದು 2 ಸಲ. ಪಕ್ಕೆಗೆ 6, ಬೆನ್ನಿಗೆ 3. ಇದನ್ನು ಕೂಡಿಸಿ ನೋಡಿರಲಿಲ್ಲ ನಾನು.

ಜಾಗದ ಬಗ್ಗೆ. ನಮ್ಮ ಮೇಜು ಅಂದರೆ ಹಳೆಯ ಮನೆಯ ಬಾಗಿಲಿನ ಹಲಗೆಗಳು, ಜಗಲಿಯಲ್ಲಿ ಎರಡು ಬೆಂಚಿನ ಮೇಲೆ. ಆರಡಿ ಉದ್ದ, ನಾಲ್ಕಡಿ ಅಗಲ. ಅವನು ಎಲ್ಲಿಂದ ಬಂದರೂ ಎದುರಿಗೆ ಒಂದು ದಳ ಇರಲಿ ಅಂತ ಹರಡಿ ನಿಲ್ಲಿಸುತ್ತೇನೆ. ನಡುವೆ 8 ಇಂಚು, ಕೆಲವು ಸಲ 9. ಮತ್ತೆ 12 ಇಂಚಿನಿಂದ ತಪ್ಪಿಸಿಕೊಳ್ಳಲಿಕ್ಕೆ ಒಂದು ದಳವನ್ನು ಎರಡು ಇಂಚು ಹಿಂದೆ, ಇನ್ನೊಂದನ್ನು ನಾಲ್ಕು ಇಂಚು ಹಿಂದೆ ಎಳೆಯುತ್ತೇನೆ. ಮೆಟ್ಟಿಲಿನ ಹಾಗೆ ಕಾಣುತ್ತದೆ. ಅವನ ಕುದುರೆಪಡೆ ಆ ಸಂದಿಯಲ್ಲಿ ಒಳಗೆ ಬರುತ್ತದೆ.

ಹೊಸೂರಿನವ

ಟೀಚರ್, ನಿಮ್ಮನ್ನು ಸೋಲಿಸುತ್ತಿರುವುದು ಎರಡು ಇಂಚಲ್ಲ, ಎಂಟು ಇಂಚು.

ಲೆಕ್ಕ ಹಾಕೋಣ. ಎಲ್ಫ್ ಈಟಿ ದಳ ನಿಮ್ಮ ಎದುರಿಗೆ ನುಗ್ಗಿತು ಅಂತಿಟ್ಟುಕೊಳ್ಳಿ. 15 ದಾಳ. 4 ಅಥವಾ ಮೇಲೆ ಬಿದ್ದರೆ ತಾಗಿತು, 1 ಬಿದ್ದದ್ದನ್ನು ಮತ್ತೆ ಹಾಕಬಹುದು. ಸರಾಸರಿ ಎಂಟೂ ಮುಕ್ಕಾಲು ತಾಗುತ್ತದೆ. ನಿಮ್ಮ ರಕ್ಷಣೆ 4, ಅದರಲ್ಲಿ ಅರ್ಧ ಒಳಗೆ ಹೋಗುತ್ತದೆ. ಹೆಚ್ಚು ಕಡಿಮೆ 4 ಪೆಟ್ಟು. 15 ಮುಟ್ಟಲು ಎರಡು ದಾಳದಲ್ಲಿ 11 ಬೀಳಬೇಕು. 36ರಲ್ಲಿ 3 ಸಲ. ಅಂದರೆ ಎದುರಿನಿಂದ ಒಂದೇ ದಳ ಬಂದರೆ ನಿಮ್ಮ ಈಟಿಯವರು ಹನ್ನೆರಡರಲ್ಲಿ ಹನ್ನೊಂದು ಸಲ ಓಡುವುದಿಲ್ಲ.

ಅದೇ ದಳ ಪಕ್ಕೆಗೆ ಬಂದರೆ ದಾಳ ಎರಡರಷ್ಟು. 30 ದಾಳ, ಹೆಚ್ಚು ಕಡಿಮೆ 9 ಪೆಟ್ಟು. ಈಗ 6 ಬಿದ್ದರೆ ಸಾಕು, 36ರಲ್ಲಿ 26 ಸಲ ಓಟ. ಬೆನ್ನಿಗೆ ಬಂದರೆ ಮೂರರಷ್ಟು, ಅದರ ಲೆಕ್ಕ ಹಾಕುವುದೇ ಬೇಡ.

ನೀವು ಆ ಎರಡು ಇಂಚಿಗೆ ಹೆದರಿ ಹಿಂದೆ ಎಳೆದು ಎಳೆದು ಸಾಲನ್ನು ಹರಿದಿದ್ದೀರಿ. ಕುದುರೆಪಡೆಯ ಸಣ್ಣ ದಳ 125 ಮಿಲಿಮೀಟರ್ ಅಗಲ, ಸುಮಾರು 5 ಇಂಚು. ನುಗ್ಗದೆ ಸಾಗುವಾಗ ಶತ್ರುವಿನಿಂದ ಒಂದು ಇಂಚು ದೂರ ಇರಬೇಕು, ಎರಡೂ ಕಡೆ ಸೇರಿ 2. ಒಟ್ಟು 7 ಇಂಚು ಸಿಕ್ಕಿದರೆ ಒಳಗೆ ಬರುತ್ತದೆ. ನೀವು 8 ಬಿಟ್ಟಿದ್ದೀರಿ.

ಸಂದಿಯನ್ನು 3 ಇಂಚಿಗೆ ಇಳಿಸಿ. ಕುದುರೆಯೂ ಬರುವುದಿಲ್ಲ, ಕಾಲಾಳೂ ಬರುವುದಿಲ್ಲ. ಮೂರು ಈಟಿ ದಳ ಒಂದೇ ಸಾಲಿನಲ್ಲಿ, ಆಚೆ ಈಚೆಯ ಎರಡೂ ಸ್ವಲ್ಪ ಒಳಮುಖವಾಗಿ ತಿರುಗಿರಲಿ. ಅವನು ನಡುವಿನ ದಳಕ್ಕೆ ನುಗ್ಗಲಿ, ಬಿಡಿ. ಹೊಡೆದು ಒಂದು ಇಂಚು ಹಿಂದೆ ಸರಿದು ನಿಲ್ಲುತ್ತಾನೆ. ಆಗ ನಿಮ್ಮ ಜ್ಯಾಮಿಟ್ರಿ ಬಾಕ್ಸಿನ 45 ಡಿಗ್ರಿ ಮೂಲೆಮಟ್ಟ ತೆಗೆದು ಅವನ ದಳದ ಮುಂದಿನ ಮೂಲೆಗೆ ಹಿಡಿದು ನೋಡಿ. ನಿಮ್ಮ ಆಚೆ ಈಚೆಯ ದಳಗಳು ಅವನ ಪಕ್ಕೆಯ ಭಾಗದಲ್ಲಿ ನಿಂತಿರುತ್ತವೆ. ಈಗ 30 ದಾಳ ನಿಮ್ಮ ಕೈಯಲ್ಲಿ.

ಮೊದಲು ನುಗ್ಗುವ ಹಕ್ಕು ಅವನಿಗೇ ಇರಲಿ. ಎಲ್ಲಿಗೆ ನುಗ್ಗಬೇಕು ಅನ್ನುವುದನ್ನು ನೀವು ತೀರ್ಮಾನ ಮಾಡಿ.

ಇನ್ನೊಂದು. ಆ ಊರವರ ದಳ ಅಂದಿರಲ್ಲ, ಪಟ್ಟಿಯಲ್ಲಿ ಅದರ ಬೆಲೆಯ ಅಂಕ ಕಡಿಮೆ. ಅದನ್ನು ಸಾಲಿನ ಮುಂದೆ 5 ಇಂಚಿನಲ್ಲಿ ಓರೆಯಾಗಿ ನಿಲ್ಲಿಸಿ. ನುಗ್ಗಿದವರು ತಾಗಿದ ಬದಿಗೆ ಸಮನಾಗಿ ತಿರುಗಿ ನಿಲ್ಲಬೇಕು ಅಂತ ನಿಯಮ. ಎಲ್ಫ್ ಅವರನ್ನು ಹೊಡೆದರೆ ಓರೆಯಾಗಿ ನಿಂತು ನಿಮಗೆ ಪಕ್ಕೆ ತೋರಿಸುತ್ತದೆ. ಗಾಳಕ್ಕೆ ಎರೆಹುಳ ಹಾಕಿದ ಹಾಗೆ.

ಉಪ್ಪಳದ ಬಣ್ಣದವನು

ಟೀಚರ್, ನಾನೂ ನಿಮ್ಮ ಜಿಲ್ಲೆಯವನೇ. ಯುದ್ಧದ ಬುದ್ಧಿ ನನಗೆ ಕಡಿಮೆ, ಬಣ್ಣ ಹಚ್ಚುವುದು ಜಾಸ್ತಿ.

ನಿಮ್ಮ ರಟ್ಟಿನವರಿಗೆ ಒಂದು ಮಾತು. ಈ ಮಳೆಗಾಲದಲ್ಲಿ ರಟ್ಟು ತೇವ ಹೀರುವುದು ಕತ್ತರಿಸಿದ ಅಂಚಿನಿಂದ. ಮುಖಕ್ಕೆ ವಾರ್ನಿಷ್ ಹಚ್ಚಿ ಅಂಚು ಬಿಟ್ಟರೆ ಪದರ ಬಿಡುತ್ತದೆ. ಫೆವಿಕಾಲಿಗೆ ನೀರು ಸೇರಿಸಿ ತೆಳು ಮಾಡಿ ಅಂಚಿಗೆಲ್ಲ ಎಳೆಯಿರಿ, ಒಣಗಿದ ಮೇಲೆ ಇನ್ನೊಂದು ಸಲ. ಮಗನಿಗೂ ಹೇಳಿ, ಜೂನ್ ಜುಲೈಯಲ್ಲಿ ಸ್ಪ್ರೇ ಪ್ರೈಮರ್ ಹೊಡೆಯುವುದು ಬೇಡ. ಗಾಳಿಯ ತೇವಕ್ಕೆ ಅದು ಗೊಂಬೆಯ ಮೇಲೆ ರವೆಯ ಹಾಗೆ ಕೂರುತ್ತದೆ, ಮುಖದ ಗೆರೆ ಎಲ್ಲ ಮುಚ್ಚಿ ಹೋಗುತ್ತದೆ. ನನ್ನ ಎಂಟು ಕುದುರೆಗಳು ಹಾಗೇ ಹಾಳಾದವು. ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ಆದರೆ ಏನೂ ಆಗುವುದಿಲ್ಲ. ಆಟ ಮುಗಿದ ಮೇಲೆ ಪೆಟ್ಟಿಗೆಯನ್ನು ಅಟ್ಟದಲ್ಲಿ ಒಲೆಯ ನೇರಕ್ಕೆ ಇಡಿ, ಬೂಸ್ಟು ಹಿಡಿಯುವುದಿಲ್ಲ.

ಆಮೇಲೆ ಮೇಜಿನ ಮೇಲೆ ಇಡಲಿಕ್ಕೆ ಒಂದು ಪಾಗಾರ, ಅಂದರೆ ಪುಟ್ಟ ಗೋಡೆ, ಮಾಡಿ! ಮುರಕಲ್ಲಿನ ಚೂರು ಅಂಗಳದಲ್ಲೇ ಇರುತ್ತದೆ, ಬೆರಳುಗುರಿನಷ್ಟು ಒಡೆದು ಸಾಲಾಗಿ ಅಂಟಿಸಿದರೆ ಆಯಿತು. ಬೇಕಲ ಕೋಟೆ ನೋಡಿದ್ದೀರಲ್ಲ, ಕೆಳದಿಯವರು 17ನೇ ಶತಮಾನದಲ್ಲಿ ಕಟ್ಟಿಸಿದ್ದು ಈ ಕಲ್ಲಿನಲ್ಲೇ. ನಾನು ನನ್ನ ಮೇಜಿನ ಗೋಡೆಗೆ ಬಣ್ಣ ಹಚ್ಚುವ ಮೊದಲು ಅಲ್ಲಿಗೆ ಹೋಗಿ ನೋಡಿ ಬಂದೆ. ಮಳೆಯಲ್ಲಿ ಆ ಕಲ್ಲು ಕೆಂಪಲ್ಲ, ಹೆಚ್ಚು ಕಡಿಮೆ ಕಪ್ಪು. ತೂತುಗಳ ಒಳಗೆ ಮಾತ್ರ ಕೆಂಪು, ಮೇಲ್ಗಡೆ ಪಾಚಿ. ಮೊದಲು ಕಡು ಕಂದು ಹಚ್ಚಿ, ಆಮೇಲೆ ತೂತಿಗೆ ಕೆಂಪು ತುಂಬಿಸಿ.

ಗೋಡೆ ದಾಟಿ ನುಗ್ಗಿದವರು ಎಡವುತ್ತಾರೆ, ತಾಗಲಿಕ್ಕೆ ಒಂದು ಅಂಕ ಜಾಸ್ತಿ ಬೇಕಾಗುತ್ತದೆ ಅಂತ ನಿಯಮದಲ್ಲಿ ಇದೆ ಅಲ್ವಾ?

ಹೊಸೂರಿನವ

ಹೌದು, ಇದೆ. 4ರ ಬದಲು 5 ಬೇಕು. ಎಲ್ಫ್ ಪೆಟ್ಟು 4ರಿಂದ 3ಕ್ಕೆ ಇಳಿಯುತ್ತದೆ. ಓಡಿಸಲು ಎರಡು ದಾಳದಲ್ಲಿ 12 ಬೀಳಬೇಕು, 36ರಲ್ಲಿ ಒಂದು ಸಲ. ಆದರೆ ಗೋಡೆಗೆ ಎರಡೂ ಬದಿ ಒಂದೇ. ನಿಮ್ಮವರು ಗೋಡೆ ದಾಟಿ ತಿರುಗಿ ಹೊಡೆಯುವಾಗ ಅವರೂ ಎಡವುತ್ತಾರೆ. ಹಾಗಾಗಿ ಗೋಡೆ ನಡುವಿನ ದಳಕ್ಕೆ ಮಾತ್ರ ಸಾಕು. ಹೊಡೆಯುವ ಕೆಲಸ ಆಚೆ ಈಚೆಯವರದ್ದು, ಅವರು ಬಯಲಿನಲ್ಲಿರಲಿ. ಗೋಡೆ ಇಡುವುದು ಎಲ್ಲಿ ಅಂತ ಮಗನ ಒಪ್ಪಿಗೆ ಪಡೆದೇ ಇಡಿ.

ನೀರ್ಚಾಲು ಟೀಚರ್

ಮೂವರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಲೆಕ್ಕವನ್ನು ನಾನೇ ಇನ್ನೊಮ್ಮೆ ಮಾಡಿ ನೋಡಿದೆ, ಸರಿ ಇದೆ. 26 ವರ್ಷ ಸಂಭವನೀಯತೆ ಕಲಿಸಿದವಳು, ನನ್ನ ಸೈನ್ಯಕ್ಕೆ ಅದನ್ನು ಹಾಕಿ ನೋಡಲಿಲ್ಲ. ಮೊದಲು ನುಗ್ಗಿದವರು ಗೆಲ್ಲುತ್ತಾರೆ ಅಂತ ಮೊದಲ ಆಟದಲ್ಲೇ ಮನಸ್ಸಿಗೆ ಹೊಕ್ಕಿತ್ತು. ಆಮೇಲೆ ಕಂಡದ್ದೆಲ್ಲ ಅದೇ.

ಒಂದು ಮಾತು ಮಾತ್ರ ನನ್ನಿಂದ ಆಗುವುದಿಲ್ಲ. ಊರವರ ದಳವನ್ನು ಎರೆಹುಳ ಮಾಡಲಾರೆ. ಲೆಕ್ಕಕ್ಕೆ ಅದು ಸರಿ ಅಂತ ಗೊತ್ತು. ಆದರೆ ಆ ಹದಿನೈದು ಜನರ ಮುಖ ಬರೆಯುವಾಗ ನಮ್ಮ ತೋಟಕ್ಕೆ ಬರುವವರನ್ನು, ಹಿಂದೆ ಬರುತ್ತಿದ್ದು ಈಗ ಇಲ್ಲದವರನ್ನು ನೆನೆಸಿಕೊಂಡು ಬರೆದಿದ್ದೇನೆ. ಮೂರನೆಯವನ ಮೈಯಲ್ಲಿ ಒಂದು ಕಲೆ ಇದೆ. ಅಡಿಕೆ ಮರ ಹತ್ತುವವರಿಗೆ ಬೀಳುವ ಕಲೆ, ಮರ ಉಜ್ಜಿ ಉಜ್ಜಿ ಆಗುವುದು. ಅವರನ್ನು ಸಾಯಲಿಕ್ಕೆ ಅಂತಲೇ ಮುಂದೆ ಕಳಿಸಿ ನಾನು ಹಿಂದೆ ಗೋಡೆ ಕಟ್ಟಿ ಕೂರುವುದು ನನಗೆ ಹಿಡಿಸುವುದಿಲ್ಲ. ಬೇರೆ ಕೆಲಸ ಏನಾದರೂ ಅವರಿಗೆ ಇದೆಯಾ?

ಅಕ್ಕಲಕೋಟೆ ಫಿರಂಗಿ

ಇದೆ ಅಕ್ಕಾ. ಬೆನ್ನು ಕಾಯಲಿ. ಸಂದಿ ಮುಚ್ಚಿದ ಮೇಲೆ ಕುದುರೆಪಡೆ ಮೇಜಿನ ಅಂಚು ಸುತ್ತಿ ಹಿಂದೆ ಬರಬೇಕು, ಅದಕ್ಕೆ ಎರಡು ಸರದಿ ಬೇಕು. ಬರುವ ಜಾಗದಲ್ಲಿ ಊರವರು ಮುಖ ಮಾಡಿ ನಿಂತಿದ್ದರೆ ಕುದುರೆಗೆ ಇಳಿಯಲು ಜಾಗವೇ ಇರುವುದಿಲ್ಲ. ಜೊತೆಗೆ ನಿಮ್ಮ ಪಟ್ಟಿಯಲ್ಲಿಯೂ ಕುದುರೆ ಸವಾರರು ಇದ್ದಾರಲ್ಲ, ಅವರನ್ನು ಆ ಬದಿಗೆ ಹಾಕಿರಿ. ಅವರ ನಡಿಗೆ 8, ನುಗ್ಗುವುದು 16 ಇಂಚು. ಎಲ್ಫ್ ಕಾಲಾಳಿಗಿಂತ ನಾಲ್ಕು ಇಂಚು ಜಾಸ್ತಿ, ಅದನ್ನು ನೀವು ಮರೆತಿದ್ದೀರಿ.

ಫಿರಂಗಿ ಬೇಡ ಅಂದಿದ್ದಕ್ಕೆ ನನಗೆ ಬೇಜಾರಿಲ್ಲ. ಈಟಿ ಸಾಲು ನಿಂತಿತು ಅಂತ ನೀವು ಬರೆದ ದಿನ ಓದಲು ಕಾಯುತ್ತೇನೆ.

ನೀರ್ಚಾಲು ಟೀಚರ್

ನಿನ್ನೆ ಭಾನುವಾರ ಆರನೇ ಆಟ ಆಯಿತು. ಬರೆಯದೆ ಇರಲಿಕ್ಕೆ ಆಗುತ್ತಿಲ್ಲ.

ಪಾಗಾರ ಹೇಳಿದ ಹಾಗೇ ಮಾಡಿದೆ. ಕಡು ಕಂದು, ತೂತಿಗೆ ಕೆಂಪು, ಮೇಲ್ಗಡೆ ಹಸಿರು. ಮಗ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಇದು ನಮ್ಮ ಕೆರೆಯ ಕಟ್ಟೆ ಅಂದ. ಮೇಜಿನ ನಡುವೆ ಒಂದು ನನಗೆ, ಅಷ್ಟೇ ಉದ್ದದ್ದು ಒಂದು ಅವನಿಗೆ ಅಂತ ಇಟ್ಟೆವು.

ಮೂರು ಈಟಿ ದಳ, ನಡುವೆ ಮೂರು ಮೂರು ಇಂಚು. ಎರಡನೇ ಸರದಿಯಲ್ಲಿ ಅವನು ಕುದುರೆಪಡೆ ತಂದು ಸಂದಿಯ ಎದುರು ಹಿಡಿದು, ಟೇಪು ಎಳೆದು ನೋಡಿದ. ಇನ್ನೊಮ್ಮೆ ನೋಡಿದ. ಇಲ್ಲಿ ಹೋಗಲಿಕ್ಕಾಗುವುದಿಲ್ಲ ಅಂತ ತನಗೆ ತಾನೇ ಹೇಳಿಕೊಂಡ. ನಾನು ಏನೂ ಮಾತಾಡಲಿಲ್ಲ, ಹಲಸಿನ ಹಪ್ಪಳದ ತಟ್ಟೆ ಆಚೆ ಸರಿಸಿದೆ. ಕುದುರೆಪಡೆ ಎಡ ಅಂಚು ಸುತ್ತಿ ಹೊರಟಿತು. ಅಲ್ಲಿ ಊರವರು ಮುಖ ಮಾಡಿ ನಿಂತಿದ್ದರು. ನಾಲ್ಕನೇ ಸರದಿಯಲ್ಲಿ ಅವರಿಗೇ ನುಗ್ಗಿದ. 7 ಪೆಟ್ಟು ಬಿತ್ತು, ತತ್ತರಿಸಿದರು, ಓಡಲಿಲ್ಲ. ನನ್ನ ಸವಾರರು 14 ಇಂಚು ದೂರದಲ್ಲಿದ್ದರು. ಅವನ ಕುದುರೆಪಡೆಯ ಪಕ್ಕೆಗೆ ಹೋದರು. ಅಲ್ಲಿಗೆ ಅದರ ಕತೆ ಮುಗಿಯಿತು.

ಆದರೆ ಹೇಳಬೇಕಾದ್ದು ನಡುವಿನದ್ದು. ಮೂರನೇ ಸರದಿ ಮುಗಿಯುವಾಗ ಕರೆಂಟು ಹೋಯಿತು, ಮಳೆ ಜೋರು. ಎಮರ್ಜೆನ್ಸಿ ಲೈಟು ತಂದು ಮೇಜಿನ ತಲೆಗೆ ಇಟ್ಟೆವು. ರಟ್ಟಿನ ಈಟಿಯವರ ನೆರಳು ಹಲಗೆಯ ಮೇಲೆ ಉದ್ದಕ್ಕೆ ಬಿದ್ದಿತ್ತು, ಹಿಡಿಸೂಡಿಯ ಕಡ್ಡಿಗಳ ನೆರಳು ಎಲ್ಫ್ ಸಾಲಿನವರೆಗೂ ಹೋಗಿತ್ತು. ಬಲಗಡೆಯ ನನ್ನ ದಳ ಅವನ ಬಿಲ್ಲಿನವರ ಬಾಣಕ್ಕೆ ತತ್ತರಿಸಿ ನಿಂತಿತ್ತು, ಆ ಸರದಿಗೆ ಅದು ಲೆಕ್ಕಕ್ಕಿಲ್ಲ. ಅವನು ಅದನ್ನು ನೋಡಿಯೇ ನಡುವಿನ ದಳಕ್ಕೆ ಈಟಿಯವರನ್ನು ನುಗ್ಗಿಸಿದ. 11 ಇಂಚು, ಅದೇ ಯಾವಾಗಿನ ಹಾಗೆ.

ಗೋಡೆ ಎಡವಿಸಿತು. 15 ದಾಳದಲ್ಲಿ 6 ತಾಗಿತು, 3 ಪೆಟ್ಟು. ಧೈರ್ಯಕ್ಕೆ ಅವನು ಹಾಕಿದ ದಾಳ 5 ಮತ್ತು 4. ಮೂರು ಸೇರಿಸಿ 12. ಹದಿಮೂರು ಆಗಲಿಲ್ಲ. ನನ್ನ ದಳ ತತ್ತರಿಸಲೂ ಇಲ್ಲ. ಐದು ಆಟ ಆಡಿ ಮೊದಲ ಸಲ ನನ್ನ ಈಟಿಯವರು ಎಲ್ಫ್ ನುಗ್ಗಿದ ಮೇಲೂ ನಿಂತ ಜಾಗದಲ್ಲೇ ನಿಂತಿದ್ದರು.

ನನ್ನ ಸರದಿ. ಗೋಡೆಯ ಹಿಂದಿನವರು ಎಡವಿಕೊಂಡೇ ಹೊಡೆದರು, 2 ಪೆಟ್ಟು. ಎಡದ ದಳಕ್ಕೆ ಮೂಲೆಮಟ್ಟ ಹಿಡಿದೆ. ಮಗನೂ ಬಗ್ಗಿ ನೋಡಿ, ಹೌದಮ್ಮ ಪಕ್ಕೆ ಅಂದ. 30 ದಾಳ ನನ್ನ ಹತ್ತಿರ ಇರಲಿಲ್ಲ, ಎರಡು ಸಲ ಹಾಕಿದೆ. 14 ತಾಗಿತು, 7 ಒಳಗೆ ಹೋಯಿತು. ಒಟ್ಟು 9. ಅವನವರ ಧೈರ್ಯ 14/16. ನನಗೆ 7 ಬೇಕು. 36ರಲ್ಲಿ 21. ಕೈ ನಡುಗುತ್ತಿತ್ತು. 4 ಮತ್ತು 3 ಬಿತ್ತು.

ಹದಿನಾರು ಅಂತ ಅವನೇ ಹೇಳಿದ. ಆ ದಳವನ್ನು ಎರಡೂ ಕೈಯಲ್ಲಿ ಎತ್ತಿ ಬೆಂಚಿನ ಮೇಲೆ ಇಟ್ಟ.

ಆರನೇ ಸರದಿ ಮುಗಿದು ಏಳನೆಯದು ಉಂಟಾ ಇಲ್ಲವಾ ಅಂತ ದಾಳ ಹಾಕಿದೆವು, 2 ಬಿತ್ತು, ಆಟ ಅಲ್ಲಿಗೆ ನಿಂತಿತು. ಓಡಿಸಿದ ದಳಗಳ ಬೆಲೆ ಕೂಡಿಸಿದರೆ ನನ್ನದು ಅವನದ್ದಕ್ಕಿಂತ 170 ಜಾಸ್ತಿ. ಊರವರ ದಳ ಕೊನೆಯವರೆಗೂ ಮೇಜಿನ ಮೇಲೇ ಇತ್ತು. ಒಬ್ಬನ ಮುಟ್ಟಾಳೆ ಮಾತ್ರ ಬಿದ್ದು ಹೋಗಿತ್ತು, ಇವತ್ತು ಬೆಳಿಗ್ಗೆ ಜಗಲಿ ಗುಡಿಸುವಾಗ ಸಿಕ್ಕಿತು, ಅಂಟಿಸಿದೆ.

ಅಕ್ಕಲಕೋಟೆಯ ತಮ್ಮಾ, ಸಾಲು ನಿಂತಿತು.

ಈಗ ಹೊಸ ಪ್ರಶ್ನೆ. ಹೊರಡುವ ಮೊದಲು ಇನ್ನೊಂದೇ ಭಾನುವಾರ ಇದೆ. ಅವನು ಒಂದು ಈಟಿ ದಳ ಕಡಿಮೆ ಮಾಡಿ ಮೂರನೇ ಬಿಲ್ಲಿನ ದಳ ತರುತ್ತಾನಂತೆ. ನುಗ್ಗುವುದೇ ಇಲ್ಲ, ದೂರ ನಿಂತು ಬಾಣ ಹಾಕುತ್ತಾನೆ ಅಂತ ನನ್ನ ಲೆಕ್ಕ. ಅವನ ಬಿಲ್ಲು 24 ಇಂಚು. ಈಗ ಗೋಡೆಯ ಹಿಂದೆ ನಿಂತರೆ ಆಗುವುದಿಲ್ಲ, ನಾನೇ ಹೋಗಬೇಕು. ಮೂರು ದಳವನ್ನು ಮೂರು ಇಂಚಿನ ಸಂದಿ ಹರಿಯದ ಹಾಗೆ 24 ಇಂಚು ನಡೆಸುವುದು ಹೇಗೆ? ಸವಾರರನ್ನು ಮೊದಲೇ ಬಿಡಬೇಕಾ, ಸಾಲಿನ ಜೊತೆ ತರಬೇಕಾ?